ಧಣಿ ಬಿಟ್ಟ ಚಿಲ್ಲರೆ

ಧಣಿ ಡಿಪೋದಲ್ಲಿ ಚಿಲ್ಲರೆ ವಾಪಸು ತೆಗೆದುಕೊಂಡದ್ದನ್ನು ಕಂಡವರಿಲ್ಲ. ಮನೆಯಲ್ಲಿ ಚಿಲ್ಲರೆ ಬಿಟ್ಟದ್ದನ್ನೂ ಕಂಡವರಿಲ್ಲ. ಮೊದಲನೆಯ ಸಂಗತಿ ಊರಿಗೆಲ್ಲ ಗೊತ್ತಿತ್ತು. ಎರಡನೆಯದು ಗೊತ್ತಿದ್ದದ್ದು ಅವನ ಹೆಂಡತಿಗೆ.

ಅವರದು ಕೆಳಗೆ ಹೋಟೆಲು, ಮೇಲೆ ಮನೆ. ಹೋಟೆಲಿನ ಮುಂದುಗಡೆ ಹನ್ನೆರಡು ಟೇಬಲ್ಲಿನ ಬಾರು, ಅದರ ಹಿಂದೆ ಪಾರ್ಟಿಗಳಿಗೆಂದು ಇಟ್ಟ ದೊಡ್ಡ ಕೋಣೆ, ಎಲ್ಲಕ್ಕಿಂತ ಹಿಂದೆ ಅಡುಗೆಮನೆ. ಗಲ್ಲಾದ ಹಿಂದೆ ಕೂರುವವನಿಗೆ ಕೆಲಸದವರೆಲ್ಲ ಧಣಿ ಎನ್ನುತ್ತಿದ್ದರು. ಒಲೆಯ ಮುಂದೆ ನಿಲ್ಲುವ ಅವನ ಹೆಂಡತಿಗೆ ಅತ್ತೆ ಕರೆದ 'ಸೊಸೆ' ಎಂಬ ಹೆಸರೇ ಗಟ್ಟಿಯಾಗಿ, ಇಪ್ಪತ್ತೆರಡು ವರ್ಷಗಳಲ್ಲಿ ತರಕಾರಿಯವನೂ 'ಸೊಸೆಯಮ್ಮ' ಅನ್ನುವಷ್ಟಾಗಿತ್ತು.

ಧಣಿ ವಾರಕ್ಕೆರಡು ಸಲ ಸಗಟು ಮದ್ಯದ ಡಿಪೋಗೆ ಬಟ್ಟೆಯ ಚೀಲದಲ್ಲಿ ನೋಟು ತುಂಬಿಕೊಂಡು ಹೋಗುತ್ತಿದ್ದ. ಬಿಲ್ಲು ತೊಂಬತ್ತಾರು ಸಾವಿರದ ಇನ್ನೂರ ನಲವತ್ತು ಆದರೆ ತೊಂಬತ್ತೇಳು ಸಾವಿರ ಎಣಿಸಿ ಇಡುತ್ತಿದ್ದ. "ಮಿಕ್ಕಿದ್ದು ಹಮಾಲರ ಟೀಗೆ" ಎಂದು ಕೈ ಬೀಸಿ ಬರುತ್ತಿದ್ದ. ಅವನಪ್ಪನೂ ಹಾಗೆಯೇ ಮಾಡುತ್ತಿದ್ದನಂತೆ. ಅದೇ ಧಣಿಯ ಮುಂದೆ ಸೊಸೆ ತರಕಾರಿ ಚೀಟಿ ಹಿಡಿದು ನಾನೂರ ಎಂಬತ್ತೇಳು ಅಂದರೆ, ಅವನು ನಾನೂರ ಎಂಬತ್ತು ಕೊಡುತ್ತಿದ್ದ.

"ಇನ್ನು ಏಳು ರೀ."

"ಏಳಕ್ಕೆಲ್ಲ ಯಾರಾದ್ರೂ ಕೈ ಚಾಚ್ತಾರಾ? ಅಂಗಡಿಯವನು ಬಿಡ್ತಾನೆ, ಹೋಗು."

ಅಂಗಡಿಯವನು ಬಿಡುತ್ತಿರಲಿಲ್ಲ. ಅವನಿಗೇನು ಹುಚ್ಚೇ? ಆ ಏಳು ಸೊಸೆಯ ಕೈಯಿಂದಲೇ ಹೋಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವಳು ಇದಕ್ಕೆ ಜಗಳ ಆಡಿದ್ದಳು. ಏಳಕ್ಕೆ ಜಗಳ ಆಡುವವಳು ಎಂದು ಅವನು ಊಟಕ್ಕೆ ಬಂದ ಭಾವಮೈದುನರ ಮುಂದೆ ನಗಾಡಿದ ಮೇಲೆ ಬಾಯಿಗೆ ಬೀಗ ಹಾಕಿಕೊಂಡಳು. ಆದರೆ ಕೈ ಕಟ್ಟಿ ಕೂರಲಿಲ್ಲ. ಎದುರು ರಸ್ತೆಯ ಕಾರ್ಖಾನೆಗೆ ಮಧ್ಯಾಹ್ನದ ಊಟದ ಡಬ್ಬಿ ಕಳಿಸತೊಡಗಿದಳು. ಮೊದಲು ಎಂಟು ಡಬ್ಬಿ, ಆಮೇಲೆ ನಲವತ್ತು. ಈಚಿನ ಐದು ವರ್ಷದಲ್ಲಿ ಅವಳ ಹೆಸರಿನ ಬ್ಯಾಂಕ್ ಖಾತೆಯಲ್ಲಿ ಒಂದು ಲಕ್ಷದ ತೊಂಬತ್ತು ಸಾವಿರ ಕೂಡಿತ್ತು. ಅದು ಚಿಮಣಿಯ ದುಡ್ಡು.

ಅಡುಗೆಮನೆಯಲ್ಲಿ ಹೊಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಗೋಡೆಯ ಫ್ಯಾನು ತಿರುಗುವುದನ್ನು ಬಿಟ್ಟು ಮೂರು ವರ್ಷ ಆಗಿತ್ತು. ಮೀನು ಹುರಿಯುವ ಹೊತ್ತಿಗೆ ಸೊಸೆ ಕೆಮ್ಮುವುದು ಬಾರಿನ ಗಿರಾಕಿಗಳಿಗೂ ಕೇಳಿಸುತ್ತಿತ್ತು. ಧಣಿಯನ್ನು ಕೇಳಿದರೆ "ಮುಂದಿನ ವರ್ಷ ನೋಡೋಣ." ಅವಳು ನೋಡುತ್ತ ಕೂರಲಿಲ್ಲ. ತಗಡಿನ ಕೆಲಸದವನನ್ನು ಕರೆಸಿ ಅಳತೆ ತೆಗೆಸಿದಳು. ಒಂದು ಲಕ್ಷ ಎಂಬತ್ತೈದು ಸಾವಿರ ಎಂದ. ಬರುವ ತಿಂಗಳು ಕೆಲಸ ಶುರು ಎಂದು ಮಾತಾಗಿತ್ತು.

ಅಷ್ಟರಲ್ಲಿ ಡಿಪೋದಿಂದ ಆ ಕಾಗದ ಬಂತು.

ಊಟದ ಹೊತ್ತು. ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಕಾಗದ ಹಿಡಿದು ಓದಿದಳು. "ಅಪ್ಪ, ಒಂದನೇ ತಾರೀಖಿಂದ ಹೋಟೆಲ್, ಬಾರು, ಲಾಡ್ಜು ಯಾರೂ ಡಿಪೋಗೆ ನಗದು ಕೊಡೋ ಹಾಗಿಲ್ಲ. ಚೆಕ್ಕೂ ನಡೆಯಲ್ಲ. ಎಲ್ಲಾ ಆನ್‌ಲೈನು."

"ನಡೀಲಿ. ನನಗೆ ಅಲ್ಲಿ ಇಪ್ಪತ್ತು ವರ್ಷದ ಪರಿಚಯ."

"ಪರಿಚಯ ಅಂತ ಇದರಲ್ಲಿ ಎಲ್ಲೂ ಬರೆದಿಲ್ಲ. ದುಡ್ಡು ಮೊದಲು ಸೇರಬೇಕು, ಆಮೇಲೇ ಗಾಡಿಗೆ ಲೋಡು. ಅದೂ ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರ ಖಾತೆಯಿಂದಲೇ ಬರಬೇಕು."

ಧಣಿಯ ಕೈಯ ಚಮಚ ನಿಂತಿತು. ಎಲ್ಲರೂ ಮೇಜಿನ ತುದಿಗೆ ತಿರುಗಿದರು. ಅಲ್ಲಿ ಅತ್ತೆ ಸೂಪಿಗೆ ಊದಿ ಊದಿ ಆರಿಸಿಕೊಳ್ಳುತ್ತಿದ್ದರು. ಮಾವ ಸರ್ಕಾರಿ ಕೆಲಸದಲ್ಲಿದ್ದಾಗ ಬಾರು ಶುರು ಮಾಡಿದ್ದರಿಂದ ಲೈಸೆನ್ಸು ಹೆಂಡತಿಯ ಹೆಸರಿನಲ್ಲಿ ಬರೆಸಿದ್ದರು. ನಲವತ್ತು ವರ್ಷಗಳಿಂದ ಅತ್ತೆ ತೋರಿಸಿದ ಕಡೆ ಸಹಿ ಮಾಡುತ್ತ ಬಂದಿದ್ದರು. ಬಾರಿನ ಬಾಗಿಲು ದಾಟಿ ಒಳಗೆ ಕಾಲಿಟ್ಟವರೇ ಅಲ್ಲ.

"ಏನು ಎಲ್ಲರೂ ಹಾಗೆ ನೋಡ್ತೀರಿ?" ಅತ್ತೆ ತಲೆ ಎತ್ತಿದರು. "ನಾನೇನು ಕದ್ದೆನಾ?"

"ಅಜ್ಜಿ, ಬಾರು ನಿಮ್ಮದಂತೆ."

"ಅಯ್ಯೋ, ಅದು ನನಗೆ ಮೊದಲೇ ಗೊತ್ತು. ನಿಮ್ಮಪ್ಪನಿಗೆ ಹೇಳು."

ಸೊಸೆ ನಗು ತಡೆಯಲಾರದೆ ನೀರು ತರುವ ನೆಪದಲ್ಲಿ ಒಳಗೆ ಹೋದಳು.

ಬ್ಯಾಂಕಿಗೆ ಅತ್ತೆಯನ್ನು ಕರೆದೊಯ್ದು ಖಾತೆಗೆ ಅವರದೇ ಫೋನ್ ನಂಬರು ಸೇರಿಸಿದ್ದಾಯಿತು. ಅಲ್ಲಿನ ಹುಡುಗಿಯೊಬ್ಬಳು ಅವರ ಮುಂದೆ ಕೂತು ನಿಧಾನವಾಗಿ ತಿಳಿಸಿದಳಂತೆ: "ಅಜ್ಜಿ, ನಿಮ್ಮ ಫೋನಿಗೆ ಆರಂಕಿಯ ಓಟಿಪಿ ಬರತ್ತೆ. ಅದನ್ನ ಯಾರಿಗೂ ಹೇಳಬಾರದು. ಹೆತ್ತ ಮಗ ಬಂದು ಕೇಳಿದರೂ ಹೇಳಬಾರದು." ಆ ಹುಡುಗಿ ಮಾತಿಗೆ ಹೇಳಿದ್ದೋ ಏನೋ, ಅತ್ತೆ ಅದನ್ನು ಆಣೆ ಇಟ್ಟ ಹಾಗೆ ಹಿಡಿದುಕೊಂಡರು.

ಮೊದಲ ಸಲ ಹಣ ಕಳಿಸುವ ದಿನ ಧಣಿ ಅಡುಗೆಮನೆಗೆ ಓಡಿ ಬಂದ. "ಅಮ್ಮ, ನಂಬರ್ ಬಂದಿರತ್ತೆ, ಹೇಳು."

ಅತ್ತೆ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಹೇಳಲ್ಲ."

"ಅಮ್ಮಾ! ನಾನು ನಿನ್ನ ಮಗ!"

"ಗೊತ್ತು ಕಣೋ. ನಿನ್ನ ಹೆಸರು ಹೇಳಿಯೇ ಎಚ್ಚರಿಸಿದ್ದಾಳೆ ಅವಳು."

"ಎರಡೇ ನಿಮಿಷಕ್ಕೆ ಅದು ಕೆಟ್ಟುಹೋಗತ್ತೆ!"

"ಹಾಗಾದ್ರೆ ಆ ನಿನ್ನ ಫೋನು ಇಲ್ಲಿ ಕೊಡು. ನಾನೇ ಒತ್ತುತೀನಿ."

ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಅಂಗೈ ಮರೆ ಮಾಡಿಕೊಂಡು ಒಂದೊಂದೇ ಅಂಕಿ ಒತ್ತಿದರು. ಹಣ ಹೋಯಿತು. ಅತ್ತೆ ಫೋನು ವಾಪಸು ಕೊಟ್ಟು, "ಆಯ್ತು, ಹೋಗು ಧಣಿ" ಎಂದರು. ಅಂದಿನಿಂದ ಮೊಮ್ಮಗಳು ಬಿಲ್ಲು ನೋಡಿ ಹಣ ತುಂಬುವುದು, ಅಜ್ಜಿ ಅಂಕಿ ಒತ್ತುವುದು. ಎರಡು ವಾರ ಹೂವೆತ್ತಿದ ಹಾಗೆ ನಡೆಯಿತು. ಧಣಿಗೆ ಮಾತ್ರ ಸಮಾಧಾನವಿಲ್ಲ. ಖಾಲಿ ಕೈಯಲ್ಲಿ ಡಿಪೋಗೆ ಹೋಗಿ ಸಾಮಾನು ಹೇರಿಸಿಕೊಂಡು ಬರುವುದರಲ್ಲಿ ಏನು ಗತ್ತಿದೆ ಎಂದು ಗೊಣಗುತ್ತಿದ್ದ.

ಮೂರನೆಯ ವಾರ ದೊಡ್ಡ ಪಾರ್ಟಿ ನಿಗದಿಯಾಗಿತ್ತು. ಎದುರಿನ ಕಾರ್ಖಾನೆಯ ಮ್ಯಾನೇಜರು ನಿವೃತ್ತಿಯಾಗುವವರಿದ್ದರು. ಶನಿವಾರ ನೂರೈವತ್ತು ಜನ. ಮುಂಗಡ ತೆಗೆದುಕೊಂಡು ಧಣಿ ಅದನ್ನು ಹೊಸ ಕುರ್ಚಿಗಳಿಗೆ ಸುರಿದಾಗಿತ್ತು. ಸೊಸೆಗೆ ಅದು ಬರೀ ಪಾರ್ಟಿ ಆಗಿರಲಿಲ್ಲ. ಅವಳ ನಲವತ್ತು ಡಬ್ಬಿ ಹೋಗುತ್ತಿದ್ದದ್ದು ಅದೇ ಕಾರ್ಖಾನೆಗೆ. ಶನಿವಾರ ಮರ್ಯಾದೆ ಹೋದರೆ ಸೋಮವಾರ ಡಬ್ಬಿಗಳೂ ನಿಲ್ಲುತ್ತವೆ ಎಂಬುದು ಅವಳಿಗೆ ಸ್ಪಷ್ಟವಿತ್ತು.

ಬುಧವಾರ ಮಗಳಿಗೆ ಪರೀಕ್ಷೆ. "ಸಾಯಂಕಾಲ ಬಂದು ನಾನೇ ಕಳಿಸ್ತೀನಿ, ಅಪ್ಪ" ಎಂದಳು.

"ಯಾಕೆ, ನನಗೆ ಬೆರಳಿಲ್ವಾ?" ಎಂದ ಧಣಿ. ಅವನೇ ತುಂಬಿದ, ಅತ್ತೆ ಅಂಕಿ ಒತ್ತಿದರು, ಹಣ ಹೋಯಿತೆಂದು ಫೋನೂ ಹೇಳಿತು.

ಗುರುವಾರ ಬೆಳಿಗ್ಗೆ ಸೊಸೆ ಮೀನು ಮಾರುಕಟ್ಟೆಗೆ ಹೋಗಬೇಕಿತ್ತು. ದಾರಿಯಲ್ಲೇ ಡಿಪೋ. ಅವಳೂ ಗಾಡಿಯಲ್ಲಿ ಕೂತಳು. ಇಪ್ಪತ್ತೆರಡು ವರ್ಷದಲ್ಲಿ ಡಿಪೋ ನೋಡಿದ್ದು ಅದೇ ಮೊದಲು. ಉದ್ದನೆಯ ತಗಡಿನ ಚಾವಣಿ, ಕೆಳಗೆ ಎದೆಯೆತ್ತರಕ್ಕೆ ಪೇರಿಸಿದ ರಟ್ಟಿನ ಪೆಟ್ಟಿಗೆಗಳು, ಸಿಮೆಂಟು ಕಟ್ಟೆಗೆ ಹಿಂಬದಿ ತಾಗಿಸಿ ನಿಂತ ಗಾಡಿಗಳು. ಧಣಿ ಇಳಿದದ್ದೇ ತಡ ಹಮಾಲರೆಲ್ಲ ಎದ್ದು ನಿಂತರು. ಒಬ್ಬ ಕುರ್ಚಿ ಒರೆಸಿದ, ಇನ್ನೊಬ್ಬ ಟೀಗೆ ಓಡಿದ.

"ಅಕ್ಕಾ, ನೀವು ಧಣಿ ಮನೆಯವರಾ?" ಎಂದು ಹಿರಿಯ ಹಮಾಲನೊಬ್ಬ ಕೈಮುಗಿದ. "ಅವರಂಥ ಕೈ ಯಾರದೂ ಇಲ್ಲ ಬಿಡಿ. ಒಂದು ದಿನಕ್ಕೂ ಚಿಲ್ಲರೆ ಕೇಳಿದವರಲ್ಲ. ನನ್ನ ಮಗಳ ಶಾಲೆಯ ಚೀಲ ಅವರ ಚಿಲ್ಲರೆಯಲ್ಲೇ ಬಂದಿದ್ದು."

ಆ ಮಗುವಿನ ಚೀಲದ ಮೇಲೆ ಸೊಸೆಗೇನೂ ಕೋಪವಿರಲಿಲ್ಲ, ಚೀಲ ಸಿಕ್ಕಿದ್ದು ಒಳ್ಳೆಯದೇ ಆಯಿತು. ಆದರೆ ಈ ಮನುಷ್ಯನಿಗೆ ಹೀಗೆ ಕೊಡಲು ಬರುತ್ತದೆ, ಕೊಟ್ಟು ನಗಲೂ ಬರುತ್ತದೆ, ಬರದೆ ಇರುವುದು ಮನೆಯೊಳಗೆ ಮಾತ್ರ!

ಸ್ಟೋರ್‌ಕೀಪರು ಕಂಪ್ಯೂಟರಿನಿಂದ ಮುಖ ಎತ್ತದೆ ಹೇಳಿದ. "ಧಣಿ, ನಿಮ್ಮ ದುಡ್ಡು ವಾಪಸ್ ಹೋಗಿದೆ."

"ಏನು ತಮಾಷೆನಾ? ನಿನ್ನೆಯೇ ಕಳಿಸಿದ್ದೀನಿ. ಪೂರ್ತಿ!"

"ಪೂರ್ತಿಗಿಂತ ಜಾಸ್ತಿ ಕಳಿಸಿದ್ದೀರಿ. ಬಿಲ್ಲು ಒಂದು ಲಕ್ಷ ಎಂಬತ್ತೇಳು ಸಾವಿರದ ಮುನ್ನೂರ ಅರವತ್ತೆರಡು. ನೀವು ಎಂಬತ್ತೇಳೂವರೆ ಹಾಕಿದ್ದೀರಿ. ಬಿಲ್ಲಿಗೂ ಹಣಕ್ಕೂ ತಾಳೆ ಆಗದಿದ್ರೆ ಇದು ಒಳಗೆ ತಗೊಳ್ಳಲ್ಲ."

"ಜಾಸ್ತಿ ತಾನೇ? ಮಿಕ್ಕಿದ್ದು ಹುಡುಗರ ಟೀಗೆ."

"ಟೀಗೆ ಇದರಲ್ಲಿ ಜಾಗವಿಲ್ಲ, ಧಣಿ." ಅವನ ದನಿಯಲ್ಲೂ ಸಂಕಟವಿತ್ತು. "ಮೊದಲು ನಾನು ಹೂಂ ಅಂದ್ರೆ ಗಾಡಿ ತುಂಬ್ತಿತ್ತು. ಈಗ ಇದು ಹೂಂ ಅನ್ನಬೇಕು. ದುಡ್ಡು ನಿಮ್ಮ ಖಾತೆಗೆ ವಾಪಸ್ ಬರೋಕೆ ಬುಧವಾರ ಆಗತ್ತೆ. ಶನಿವಾರಕ್ಕೆ ಸಾಮಾನು ಬೇಕಂದ್ರೆ ನಾಳೆ ಹನ್ನೊಂದರೊಳಗೆ ಹೊಸದಾಗಿ ಕಳಿಸಿ."

"ಎಷ್ಟು ಜಾಸ್ತಿ ಆಗಿದ್ದು?" ಎಂದು ಸೊಸೆ ಕೇಳಿದಳು.

"ನೂರಾ ಮೂವತ್ತೆಂಟು, ಅಕ್ಕ."

ಅವಳು ಗಂಡನ ಮುಖ ನೋಡಿದಳು. ಹಮಾಲರೆಲ್ಲರ ಎದುರು ಅದು ಬಾಡಿಹೋಗಿತ್ತು. ಬೈಯಲು ಬಾಯಿಗೆ ಬಂದದ್ದನ್ನು ನುಂಗಿ, "ನಡೀರಿ, ಮಾರ್ಕೆಟ್ಟಲ್ಲಿ ಮೀನು ಖಾಲಿಯಾಗತ್ತೆ" ಎಂದಷ್ಟೇ ಹೇಳಿದಳು. ಪಾಪ ಅನ್ನಿಸಿದ್ದು ನಿಜ.

ಆ ಪಾಪ ಅನ್ನುವುದು ಊಟದ ಹೊತ್ತಿನವರೆಗೂ ಉಳಿಯಲಿಲ್ಲ. ಧಣಿ ಅಷ್ಟು ಹೊತ್ತಿಗೆ ಊರೆಲ್ಲ ಫೋನು ಮಾಡಿ ಸುಸ್ತಾಗಿದ್ದ. ಅವನ ಚಿಲ್ಲರೆಯಲ್ಲಿ ಟೀ ಕುಡಿದವರು ಬಹಳ, ಲಕ್ಷ ಕೊಡುವವರು ಯಾರೂ ಇರಲಿಲ್ಲ. ಖಾತೆಯಲ್ಲಿ ಹನ್ನೊಂದು ಸಾವಿರ ಮಾತ್ರ ಉಳಿದಿತ್ತು.

"ಪಾರ್ಟಿ ಬೇಡ ಅಂತ ಹೇಳಿಬಿಡ್ತೀನಿ" ಎಂದು ತಟ್ಟೆ ದೂಡಿದ.

"ಮುಂಗಡ?" ಎಂದಳು ಮಗಳು.

"ಕುರ್ಚಿ ಮಾರ್ತೀನಿ."

"ಅಪ್ಪ, ನಾನು ನಿನ್ನೆ ಸಾಯಂಕಾಲ ಮಾಡ್ತೀನಿ ಅಂದಿದ್ದೆ ತಾನೇ?"

"ನೀನು ಸುಮ್ಮನಿರು! ಎಲ್ಲ ಆ ದರಿದ್ರ ರೂಲ್ಸಿಂದ ಬಂದಿದ್ದು."

"ರೂಲ್ಸಿಂದ ಅಲ್ಲ" ಎಂದಳು ಸೊಸೆ. ಅಲ್ಲಿಯವರೆಗೆ ಎಲ್ಲರಿಗೂ ಅನ್ನ ಬಡಿಸುತ್ತಿದ್ದವಳು ಪಾತ್ರೆ ಕೆಳಗಿಟ್ಟು ಅವನೆದುರು ಕೂತಳು. "ನೂರಾ ಮೂವತ್ತೆಂಟರಿಂದ. ನನ್ನ ಹತ್ತಿರ ದುಡ್ಡಿದೆ, ಕೊಡ್ತೀನಿ."

"ನಿನ್ನ ಹತ್ತಿರ ಎಷ್ಟಿರತ್ತೆ?"

"ಒಂದು ಲಕ್ಷ ತೊಂಬತ್ತು ಸಾವಿರ. ಡಬ್ಬಿ ದುಡ್ಡು. ಚಿಮಣಿಗೆ ಇಟ್ಟಿದ್ದು."

ಧಣಿ ದೂಡಿದ್ದ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡ. ಮಗಳು ಕಣ್ಣರಳಿಸಿದಳು. ಅತ್ತೆ ಮಾತ್ರ ನೆಮ್ಮದಿಯಾಗಿ ಮೀನಿನ ಮುಳ್ಳು ಬಿಡಿಸುತ್ತಿದ್ದರು.

"ಪುಕ್ಕಟೆ ಅಲ್ಲ" ಎಂದಳು ಸೊಸೆ. "ಬುಧವಾರ ದುಡ್ಡು ವಾಪಸ್ ಬಂದ ದಿನವೇ ನನಗೆ ಬರಬೇಕು. ಇದು ಒಂದು. ಒಂದನೇ ತಾರೀಖಿಂದ ಅಡುಗೆಮನೆಗೂ ಡಿಪೋ ರೂಲ್ಸು, ಇದು ಇನ್ನೊಂದು."

"ಅಂದ್ರೆ?"

"ಬೆಳಿಗ್ಗೆ ಚೀಟಿ ಕೊಡ್ತೀನಿ. ದುಡ್ಡು ನನ್ನ ಖಾತೆಗೆ ಬಂದ ಮೇಲೆ ಒಲೆ ಹಚ್ಚೋದು. ಚೀಟಿಗೂ ದುಡ್ಡಿಗೂ ತಾಳೆ ಆಗಬೇಕು. ಕಮ್ಮಿ ಬಂದ್ರೆ ವಾಪಸ್."

"ನಾವೇನು ಗಂಡ ಹೆಂಡತಿನೋ, ಅಂಗಡಿ ಗಿರಾಕಿನೋ?"

"ಗಿರಾಕಿಗಾದ್ರೆ ನೀವು ಚಿಲ್ಲರೆ ಬಿಡ್ತಿದ್ರಿ." ಅವಳ ದನಿ ಏರಲಿಲ್ಲ. "ಇಪ್ಪತ್ತೆರಡು ವರ್ಷ ನಾನು ಕೈ ಚಾಚಿ ನಿಂತು ಏಳು, ಎಂಟು, ಮೂರು ಅಂತ ಕೇಳಿದ್ದೀನಿ. ಅದು ನನ್ನ ಟೀಗೆ ಅಲ್ಲ ರೀ, ನೀವು ತಿನ್ನೋ ಈರುಳ್ಳಿಗೆ. ಇವತ್ತು ಅಲ್ಲಿ ಆ ಹಮಾಲ ನನಗೆ ಕೈಮುಗಿದ. ನನಗೆ ನಾಚಿಕೆ ಆಯ್ತು. ಅವನಿಗಿಂತ ನಾನೇನು ಕಮ್ಮಿ ಹೊತ್ತಿದ್ದೀನಾ?"

ಧಣಿ ತಟ್ಟೆ ನೋಡುತ್ತ ಕೂತ. ಆಗ ಅತ್ತೆ ಬಾಯಿ ಬಿಟ್ಟರು.

"ನಿನ್ನ ಮಾವನೂ ಹೀಗೇ ಕಣೇ. ಹೊರಗೆ ಧಣಿ, ಮನೇಲಿ ಗುಮಾಸ್ತ. ನಾನು ಮೂವತ್ತು ವರ್ಷ ಕೇಳಬೇಕು ಕೇಳಬೇಕು ಅಂದುಕೊಂಡೆ, ಕೇಳಲೇ ಇಲ್ಲ." ಮಗನತ್ತ ತಿರುಗಿದರು. "ಏನಂತೀಯೋ? ಒಪ್ಪದಿದ್ರೆ ನಾಳೆ ನಾನೂ ನಂಬರ್ ಒತ್ತಲ್ಲ. ಲೈಸೆನ್ಸು ನಂದು."

"ಆಯ್ತು, ಆಯ್ತು" ಎಂದ ಧಣಿ. "ಎಲ್ಲರೂ ಸೇರಿ ಒಬ್ಬನ ಮೇಲೆ ಬಿದ್ದರೆ ಇನ್ನೇನು ಮಾಡಲಿ?"

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಅಡುಗೆಮನೆಯ ಮೇಜನ್ನೇ ಒರೆಸಿ ಎಲ್ಲರೂ ಸುತ್ತ ಕೂತರು. ಸೊಸೆಯ ಖಾತೆಯಿಂದ ಅತ್ತೆಯ ಖಾತೆಗೆ ಬಿಲ್ಲಿಗೆ ಸರಿಯಾಗಿ ಹಣ ಬಂತು. ಮಗಳು ಡಿಪೋದ ಹೊಸ ಬಿಲ್ಲು ತೆರೆದಳು. ಅತ್ತೆ ಈ ಸಲ ಸುಮ್ಮನೆ ಒತ್ತಲು ತಯಾರಿರಲಿಲ್ಲ.

"ಮೊದಲು ಬಿಲ್ಲು ಓದು."

"ಒಂದು ಲಕ್ಷ ಎಂಬತ್ತೇಳು ಸಾವಿರದ ಮುನ್ನೂರ ಅರವತ್ತೆರಡು, ಅಜ್ಜಿ."

"ಈಗ ತುಂಬಿದ್ದು ಓದು."

"ಅದೇ, ಅಜ್ಜಿ."

"ಅದೇ ಅಂತ ಓದಬೇಡ, ಅಂಕಿ ಓದು."

ಮಗಳು ಓದಿದಳು. ಅತ್ತೆ ಫೋನು ಕೈಗೆತ್ತಿಕೊಂಡು ಅಂಗೈ ಮರೆ ಮಾಡಿ ಆರಂಕಿ ಒತ್ತಿದರು. ಒಂಬತ್ತೂ ಇಪ್ಪತ್ತಕ್ಕೆ ಡಿಪೋದಿಂದ ಮೆಸೇಜು ಬಂತು: ಹಣ ಸೇರಿದೆ, ಗಾಡಿ ಕಳಿಸಿ. ಧಣಿ ಗಾಡಿಯ ಕೀಲಿ ತೆಗೆದುಕೊಂಡು ಹೊರಟ. ಬಾಗಿಲ ಬಳಿ ತಿರುಗಿ ನಿಂತು, "ಮೀನಿಗೆ ಇನ್ನೇನಾದ್ರೂ ಬೇಕಿತ್ತಾ ಬರೋವಾಗ?" ಎಂದು ಕೇಳಿದ. ಹಾಗೆ ಕೇಳಿದವನೇ ಅಲ್ಲ ಅವನು.

"ನಿಂಬೆಹಣ್ಣು, ಮೂರು ಡಜನ್ನು" ಎಂದಳು ಸೊಸೆ.

ಶನಿವಾರ ನೂರೈವತ್ತು ಅಂದವರು ನೂರ ಎಪ್ಪತ್ತು ಜನ ಬಂದರು. ಬಾಟಲಿ ಕಮ್ಮಿ ಬೀಳಲಿಲ್ಲ, ಮೀನಂತೂ ಬಾಣಲೆಯಿಂದ ನೇರವಾಗಿ ತಟ್ಟೆಗೇ ಹೋಯಿತು. ನಿವೃತ್ತಿಯಾದ ಮ್ಯಾನೇಜರು ಅಡುಗೆಮನೆಯ ಬಾಗಿಲಿಗೇ ಬಂದು ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ, "ಸೊಸೆಯಮ್ಮ, ನನ್ನ ಜಾಗಕ್ಕೆ ಬಂದವರಿಗೆ ಹೇಳಿದ್ದೀನಿ, ಡಬ್ಬಿ ಅರವತ್ತು ಮಾಡಿ ಅಂತ" ಎಂದರು. ಸೊಸೆಗೆ ಉತ್ತರ ಕೊಡಲಾಗದಷ್ಟು ಕೆಮ್ಮು. ತಲೆ ಆಡಿಸಿದಳು.

ಬುಧವಾರ ಬ್ಯಾಂಕಿನಿಂದ ಹಣ ವಾಪಸು ಬಂತು. ಮಧ್ಯಾಹ್ನ ಸೊಸೆಯ ಫೋನು ಸದ್ದು ಮಾಡಿತು. ಒಂದು ಲಕ್ಷ ಎಂಬತ್ತೇಳು ಸಾವಿರದ ಐನೂರು. ಹಿಂದೆಯೇ ಧಣಿ ಬಂದು ಬಾಗಿಲಿಗೆ ಒರಗಿ ನಿಂತ. ಮುಖದಲ್ಲಿ ಡಿಪೋದ ನಗು.

"ಬಂತಾ? ಮಿಕ್ಕಿದ್ದು ಇಟ್ಕೋ. ಟೀಗೆ."

ಸೊಸೆ ಕೈ ತೊಳೆದು, ಒರೆಸಿ, ನೂರಾ ಮೂವತ್ತೆಂಟನ್ನು ಅಲ್ಲೇ ನಿಂತು ವಾಪಸು ಕಳಿಸಿದಳು. ಅವನ ಕಿಸೆಯೊಳಗೆ ಫೋನು ಸದ್ದು ಮಾಡಿತು.

"ಏನಿದು?"

"ತಾಳೆ ಆಗಲಿಲ್ಲ."

"ಜಾಸ್ತಿ ಕೊಟ್ಟರೂ ತಪ್ಪಾ? ಪ್ರೀತಿಯಿಂದ ಕೊಟ್ಟೆ ಕಣೇ!"

"ಪ್ರೀತಿಯಿಂದ ಕೊಡೋದಾದ್ರೆ ಬೇರೆ ಕೊಡಿ, ತಗೋತೀನಿ. ಲೆಕ್ಕದಲ್ಲಿ ಸೇರಿಸಿ ಬೇಡ. ನನಗೆ ಜಾಸ್ತಿನೂ ಬೇಡ, ಕಮ್ಮಿನೂ ಬೇಡ."

ಅವನು ತಲೆ ಕೆರೆದುಕೊಂಡು ಗಲ್ಲಾಕ್ಕೆ ಹೋದ. ಮರುದಿನವೇ ತಗಡಿನ ಕೆಲಸದವನು ಏಣಿ ಹೊತ್ತು ಬಂದ. ನಾಲ್ಕು ದಿನ ಗೋಡೆ ಕೊರೆದು, ಕೊಳವೆ ಏರಿಸಿ, ಒಲೆಗಳ ಮೇಲೆ ಮಂಚದಷ್ಟಗಲದ ಸ್ಟೀಲಿನ ಚಿಮಣಿ ಕೂರಿಸಿ ಹೋದ.

ಒಂದನೇ ತಾರೀಖು ಬೆಳಿಗ್ಗೆ ಎಂಟಾದರೂ ಒಲೆ ಹತ್ತಿರಲಿಲ್ಲ. ಸೊಸೆ ತರಕಾರಿ ತಂದು, ಹೆಚ್ಚಿ, ಡಬ್ಬಿಗಳನ್ನು ತೊಳೆದು ಸಾಲಾಗಿ ಇಟ್ಟು, ಕೈ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಅತ್ತೆ ಎದುರಿಗೆ.

"ಟೀ ಎಲ್ಲಿ?" ಎಂದು ಧಣಿ ಬಂದ.

"ಚೀಟಿ ಗಲ್ಲಾದ ಮೇಲಿಟ್ಟು ಒಂದು ಗಂಟೆ ಆಯ್ತು. ದುಡ್ಡು ಬಂದಿಲ್ಲ."

"ನಿಜವಾಗಲೂ ಹೇಳ್ತಿದ್ದೀಯಾ?"

"ಡಿಪೋದವರು ಸುಳ್ಳು ಹೇಳಿದ್ರಾ?"

ಗೊಣಗುತ್ತ ಹೋದ. ಫೋನು ಸದ್ದು ಮಾಡಿತು. ಚೀಟಿಯಲ್ಲಿದ್ದದ್ದು ಎರಡು ಸಾವಿರದ ನಾನೂರ ಎಂಬತ್ತೇಳು. ಬಂದದ್ದು ಎರಡು ಸಾವಿರದ ನಾನೂರ ಎಂಬತ್ತು. ಬೇಕೆಂದು ಮಾಡಿದ್ದಲ್ಲ, ಬೆರಳಿಗೆ ಅಷ್ಟು ವರ್ಷದ ರೂಢಿ. ಸೊಸೆ ವಾಪಸು ಕಳಿಸಿದಳು. ಗಲ್ಲಾದ ಕಡೆಯಿಂದ "ಥತ್!" ಎಂಬ ಸದ್ದು ಕೇಳಿತು. ಮತ್ತೆ ಫೋನು: ಎರಡೂವರೆ ಸಾವಿರ. ಅದನ್ನೂ ವಾಪಸು ಕಳಿಸಿದಳು. ಮೆಟ್ಟಿಲ ಮೇಲೆ ನಿಂತಿದ್ದ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಆಮೇಲೆ ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಸೊಸೆ ಗಡಿಯಾರ ನೋಡಿದಳು. ಹನ್ನೆರಡೂವರೆಗೆ ಅರವತ್ತು ಡಬ್ಬಿ ಹೋಗಬೇಕು. ಸಿಟ್ಟು ಮಾಡಿಕೊಂಡು ಎದ್ದುಹೋದನೇ? ಆದರೆ ಅವಳು ಸ್ಟೂಲು ಬಿಟ್ಟು ಏಳಲಿಲ್ಲ. ಇವತ್ತು ಎದ್ದರೆ ಇನ್ನು ಇಪ್ಪತ್ತೆರಡು ವರ್ಷ ನಿಂತೇ ಇರಬೇಕಾಗುತ್ತದೆ.

ಧಣಿ ತಾನೇ ಬಂದ. ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಫೋನು. ಚೀಟಿಯ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ತುಟಿ ಅಲುಗಿಸುತ್ತ ಕೂಡಿಸಿದ. ಈರುಳ್ಳಿ, ಮೊಟ್ಟೆ, ಎಣ್ಣೆ. ಅವಳ ಚೀಟಿಯನ್ನು ಅವನು ಪೂರ್ತಿ ಓದಿದ್ದು ಇದೇ ಮೊದಲು.

"ಎಣ್ಣೆ ಇಷ್ಟು ಜಾಸ್ತಿ ಆಗಿದ್ಯಾ?" ಎಂದು ಮೆಲ್ಲಗೆ ಕೇಳಿದ.

"ಆಗಿ ಆರು ತಿಂಗಳಾಯ್ತು."

"ನೀನು ಹೇಳಲೇ ಇಲ್ಲ."

"ನೀವು ಕೇಳಲೇ ಇಲ್ಲ."

ಅವನು ತಲೆ ಬಗ್ಗಿಸಿ ಫೋನು ಒತ್ತಿದ. ಅವಳ ಮಡಿಲಲ್ಲಿದ್ದ ಫೋನು ಸದ್ದು ಮಾಡಿತು. ಸೊಸೆ ನೋಡಿದಳು. ಎದ್ದು, ಚಿಮಣಿಯ ಗುಂಡಿ ಅದುಮಿ, ಒಲೆ ಹಚ್ಚಿ, ಬಾಣಲೆಗೆ ಎಣ್ಣೆ ಸುರಿದು ಈರುಳ್ಳಿ ಹಾಕಿದಳು. ಹೊಗೆ ನೆಟ್ಟಗೆ ಮೇಲೆ ಹೋಯಿತು. ಅವಳ ಕಣ್ಣು ಮಾತ್ರ ತುಂಬಿ ಬಂತು. ಇಷ್ಟು ವರ್ಷ ಎಲ್ಲವನ್ನೂ ಹೊಗೆಯ ಮೇಲೆ ಹಾಕುತ್ತಿದ್ದಳು, ಇನ್ನು ಆ ನೆಪವೂ ಇಲ್ಲ. ಆದ್ದರಿಂದ ಒರೆಸಿಕೊಳ್ಳಲು ಹೋಗಲಿಲ್ಲ. ಧಣಿ ನೋಡಿದ, ನೋಡಿ ಅಲ್ಲೇ ನಿಂತ.

"ಏಳು ಬಂತೇನೇ?" ಎಂದರು ಅತ್ತೆ.

"ಬಂತು, ಅತ್ತೆ."

"ಹಾಗಾದ್ರೆ ಟೀಗೆ ಇಡು. ಅವನಿಗೂ ಸೇರಿಸು, ಪಾಪ, ಬೆಳಿಗ್ಗೆಯಿಂದ ಕೂಡಿಸ್ತಾ ಇದ್ದಾನೆ."